ಯಾರೂ ತಗೊಳ್ಳದ ಹೆಸರು

ಆಗ ನನಗೆ ನಲವತ್ತೆಂಟು; ಆ ಮಾತಿಗೆ ಇಪ್ಪತ್ತು ವರ್ಷ ದಾಟಿಹೋಯಿತು. ಶಹಾಪುರದಲ್ಲಿ ಒಂದು ಹತ್ತಿ ಅಂಗಡಿಯ ಮಾಳಿಗೆಯ ಮೇಲೆ ಕಂಪ್ಯೂಟರ್ ಕಲಿಸುವ ಕೋಣೆಯೊಂದಿತ್ತು. ಅದರ ಬಾಗಿಲಲ್ಲಿ ನಾನು ಚಪ್ಪಲಿ ಕಾಯುತ್ತಿದ್ದೆ. ನಗಬೇಡಿ, ಅದೂ ಒಂದು ನೌಕರಿಯೇ. ಆಗಿನ ಕಂಪ್ಯೂಟರುಗಳು ಈಗಿನವುಗಳ ಹಾಗೆ ಕಿಸೆಯಲ್ಲಿ ಬಿದ್ದು ಬೆವರು ಕುಡಿಯುವಂಥವಲ್ಲ, ಭಾರೀ ಮಡಿವಂತರು. ಧೂಳು ತಾಗಿದರೆ ಸತ್ತೇಹೋಗುತ್ತವೆ ಎಂದು ಎಲ್ಲರೂ ನಂಬಿದ್ದರು. ಕಿಟಕಿಗೆ ಪರದೆ, ಪೆಟ್ಟಿಗೆಗೆ ಮುಸುಕು, ಒಳಗೆ ಬರುವವರಿಗೆ ಬರಿಗಾಲು. ನಮ್ಮ ಕಡೆಯ ಎರೆಮಣ್ಣಂತೂ ಒಂದು ಮಳೆ ಬಿದ್ದರೆ ಸಾಕು, ಚಪ್ಪಲಿಗೆ ಅಂಟಿಕೊಂಡು ಅರ್ಧ ಹೊಲವೇ ಮೆಟ್ಟಿಲು ಹತ್ತಿ ಬರುತ್ತಿತ್ತು.

ಚಪ್ಪಲಿ ಕಾದವಳಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಹೇಳುತ್ತೇನೆ. ಎಲ್ಲರ ಕಾಲಲ್ಲೂ ಅದೇ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ, ಅದೇ ಸಂತೆಯದು, ಅದೇ ಬೆಲೆಯದು. ಆದರೂ ಒಬ್ಬರದನ್ನು ಇನ್ನೊಬ್ಬರು ಮೆಟ್ಟಿಕೊಂಡು ಹೋದದ್ದನ್ನು ನಾನು ನೋಡಿಲ್ಲ. ಒಬ್ಬ ಪಟ್ಟಿಗೆ ಕೆಂಪು ದಾರ ಸುತ್ತಿರುತ್ತಿದ್ದ, ಒಬ್ಬಳು ಹಿಮ್ಮಡಿಯಲ್ಲಿ ಕಾದ ಸರಳಿನಿಂದ ಬೊಟ್ಟು ಸುಟ್ಟಿರುತ್ತಿದ್ದಳು, ಇನ್ನೊಬ್ಬ ಕಿತ್ತುಹೋದ ಕಡೆ ಪಿನ್ನು ಚುಚ್ಚಿ ಅದನ್ನೇ ಗುರುತು ಮಾಡಿಕೊಂಡಿರುತ್ತಿದ್ದ. ಒಂದೇ ಥರದವರಾಗಿ ಹುಟ್ಟಿದ ಮೇಲೆ ಮನುಷ್ಯ ಎಲ್ಲಾದರೂ ಒಂದು ಬೊಟ್ಟು ಸುಟ್ಟುಕೊಳ್ಳಲೇಬೇಕು.

ಒಳಗೂ ಇದೇ ಕಥೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಕಸ ಹೊಡೆಯಲು, ನೀರಿಡಲು, ಗಾಜು ಒರೆಸಲು ನಾನು ಒಳಗೆ ಹೋಗುತ್ತಿದ್ದೆ. ನನ್ನ ಓದು ಮೂರನೆಯ ಇಯತ್ತೆಗೆ ನಿಂತದ್ದು. ಬಸ್ಸಿನ ಬೋರ್ಡನ್ನು ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಬಸ್ಸೇ ಹೋಗಿರುತ್ತದೆ. ಇಂಗ್ಲಿಷ್ ಅಕ್ಷರವಂತೂ ನನಗೆ ಇರುವೆ ಸಾಲು. ಆದರೆ ಕಿವಿ ನೆಟ್ಟಗಿತ್ತು. ಇ-ಮೇಲ್ ಮಾಡಿಕೊಳ್ಳಲು ಕೂತ ಯಾರನ್ನೇ ಆಗಲಿ ಆ ಪೆಟ್ಟಿಗೆ ಮೊದಲು ಹೆಸರು ಕೇಳುತ್ತದೆ, ಹೇಳಿದರೆ ಒಪ್ಪುವುದಿಲ್ಲ. ಮಲ್ಲಿಕಾರ್ಜುನ ಎಂದರೆ ಆ ಹೆಸರಿನವರು ಮೊದಲೇ ಇದ್ದಾರೆ ಎನ್ನುತ್ತದೆ. ನಮ್ಮಲ್ಲಿ ಮಲ್ಲಿಕಾರ್ಜುನರು ನೀಲಿ ಪಟ್ಟಿಯ ಚಪ್ಪಲಿಯಿದ್ದ ಹಾಗೆ, ಮನೆಗೊಂದು ಜೊತೆ. ಹಾಗಾಗಿ ಪ್ರತಿಯೊಬ್ಬರೂ ಹೆಸರಿಗೆ ಏನಾದರೂ ದಾರ ಸುತ್ತಬೇಕಾಗುತ್ತಿತ್ತು.

ಸುರಪುರದಿಂದ ಒಬ್ಬ ಮಾಸ್ತರರು ಬರುತ್ತಿದ್ದರು. ಅವರ ಇ-ಮೇಲಿನ ಹೆಸರು ಕಬರಿ. ಕಬರಿ ಎಂಬುದು ಅವರ ಎತ್ತು, ಮೈಮೇಲೆ ಬಿಳಿ ಕಪ್ಪು ಮಚ್ಚೆಯದು. ಕಾಲುವೆ ನೀರು ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಅಣ್ಣತಮ್ಮಂದಿರು ಕೂಡಿ ಟ್ರ್ಯಾಕ್ಟರ್ ತಂದರು, ಎತ್ತನ್ನು ಸಂತೆಗೆ ಹೊಡೆದರು. ಮಾಸ್ತರರು ಬೇಡವೆನ್ನಲಿಲ್ಲ, ಓದಿದವರು ಬೇಡವೆನ್ನುವುದು ಕಡಿಮೆ. ಆದರೆ ಕಂಪ್ಯೂಟರ್ ಹೆಸರು ಕೇಳಿದ ದಿನ ಅವರ ಬೆರಳು ಎತ್ತಿನ ಹೆಸರನ್ನೇ ಒತ್ತಿತು. "ಮರತ ಹೋಗಂಗಿಲ್ಲ ನೋಡಬೇ, ಅದಕ್ಕ" ಎಂದರು ನನಗೆ. ವಾರಕ್ಕೊಮ್ಮೆ ಬಂದು ಅದನ್ನು ಒತ್ತುವಾಗ ಅವರ ಬಾಯಿಂದ ಒಂದು ಸಣ್ಣ ಲೊಚಗುಟ್ಟುವ ಸದ್ದು ಬರುತ್ತಿತ್ತು, ಎತ್ತನ್ನು ನೊಗಕ್ಕೆ ಕರೆಯುವಾಗ ಮಾಡುತ್ತಾರಲ್ಲ, ಅದೇ.

ಇನ್ನೊಬ್ಬ ರಾಮಸಮುದ್ರದವನು. ಮದುವೆಗೆ ಮೊದಲು ತನ್ನ ಹೆಸರಿಗೆ ಒಂದು ಹುಡುಗಿಯ ಹೆಸರು ಗಂಟು ಹಾಕಿ ಇಟ್ಟುಕೊಂಡಿದ್ದ. ಹುಡುಗಿ ಬೇರೆಯವನನ್ನು ಮಾಡಿಕೊಂಡು ಹೋದಳು, ಇವನೂ ಬೇರೆಯವಳನ್ನು ತಂದ, ಗಂಟು ಮಾತ್ರ ಬಿಚ್ಚಲಿಲ್ಲ. ಒಂದು ದಿನ ಹೆಂಡತಿಯೇ ಜೊತೆಗೆ ಬಂದು ಹೆಗಲ ಮೇಲಿಂದ ಬಗ್ಗಿ, "ಇದ್ಯಾರದ್ರಿ ಹೆಸರ?" ಎಂದಳು. "ನಮ್ಮ ಮನಿದೇವರದ" ಎಂದ ಭೂಪ. ಆ ಪಾಪದವಳು ಗಾಜಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ನಾನು ಪೊರಕೆ ಹಿಡಿದುಕೊಂಡು ಹೊರಗೆ ಬಂದು ನಕ್ಕೆ.

ಗಾಜಿಗೆ ಕೈ ಮುಗಿಯುವುದು ಅಲ್ಲಿ ಹೊಸದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಸೆಂಟರ್ ನಡೆಸುತ್ತಿದ್ದವರು ಹತ್ತಿ ಅಂಗಡಿಯವರ ಮಗ, ಎಲ್ಲರಿಗೂ ಶರಣು ಸರ್. ಅವರು ಮೊದಲ ಕಂಪ್ಯೂಟರನ್ನು ಹೈದರಾಬಾದಿನಿಂದ ಬಸ್ಸಿನಲ್ಲಿ ತಂದರು. ಹೊಸ ಮದುಮಗಳನ್ನು ಕೂರಿಸಿದ ಹಾಗೆ ಕಂಬಳಿ ಹೊದಿಸಿ ಕಿಟಕಿಯ ಪಕ್ಕ ಕೂರಿಸಿದ್ದರಂತೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದನಂತೆ. ಬಂದ ದಿನ ಅವರ ತಾಯಿ ಅದರ ಹಣೆ ಎಲ್ಲೆಂದು ತಿಳಿಯದೆ ಗಾಜಿನ ಮೇಲೆಯೇ ಮೂರು ಬೆರಳಿನ ವಿಭೂತಿ ಎಳೆದರು. ಒದ್ದೆ ವಿಭೂತಿ, ಮೇಲೆ ಎಣ್ಣೆದೀಪದ ಹೊಗೆ. ನಾನು ಎಷ್ಟು ತಿಕ್ಕಿದರೂ ಮಸುಕಾಗಿ ಮೂರು ಗೆರೆ ಉಳಿದೇ ಉಳಿದವು. ಆ ಪೆಟ್ಟಿಗೆಗೆ ಸ್ವಾಮ್ಯಾರ ಕಂಪ್ಯೂಟರ್ ಎಂದೇ ಹೆಸರಾಯಿತು. ಯಾವ ದೇಶದ ಸುದ್ದಿ ಬಂದರೂ ಆ ಮೂರು ಗೆರೆಯ ಹಿಂದಿನಿಂದಲೇ ಬರಬೇಕು.

ನನ್ನ ಮಗಳ ಹೆಸರು ಏರಿದ್ದೂ ಸ್ವಾಮ್ಯಾರ ಕಂಪ್ಯೂಟರಿನಲ್ಲಿಯೇ. ಊರವರ ಕಥೆ ಹೇಳಿ ನಮ್ಮ ಮನೆಯದನ್ನು ಮುಚ್ಚಿಟ್ಟರೆ ನೀವು ನನ್ನನ್ನು ನಂಬುವುದಿಲ್ಲ, ಅದಕ್ಕೆ ಹೇಳುತ್ತೇನೆ.

ಕಾಲುವೆ ಅಗಿಯುವ ಕಾಲಕ್ಕೆ ನಾವು ಗಂಡ ಹೆಂಡತಿ ನಮ್ಮೂರು ಶಿರವಾಳ ಬಿಟ್ಟು ಕಾಲುವೆ ದಂಡೆಯ ಗುಡಿಸಲಿನಲ್ಲಿದ್ದೆವು. ಅವರು ಅಗಿಯುತ್ತಿದ್ದರು, ನಾನು ಹೊರುತ್ತಿದ್ದೆ. ಮೊದಲು ಒಂದು ಹೆಣ್ಣು ಹುಟ್ಟಿತು, ರತ್ನಾ ಎಂದು ಕರೆದೆವು. ಆಮೇಲೆ ಒಂದು ಗಂಡು, ಚಂದ್ರ. ಎರಡೂ ಹೆಸರು ನನ್ನ ಗಂಡನೇ ಆರಿಸಿದ್ದು, ಅವರಿಗೆ ಚಂದದ ಹೆಸರಿನ ಹುಚ್ಚು. ಎರಡೂ ಕೂಸು ವರ್ಷ ತುಂಬಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಪಕ್ಕದ ಗುಡಿಸಲಿನ ಹಣಮವ್ವ ನನ್ನ ಗಂಡನನ್ನು ನಿಲ್ಲಿಸಿ ಬೈದಳು: "ಚಂದದ ಹೆಸರಿಟ್ಟು ಕೂಗಿ ಕರದ್ರ ಯಮಗ ಕೇಳಂಗಿಲ್ಲೇನೋ? ಇದನ್ನರೆ ತಿಪ್ಪಿಗಿ ಹಾಕ್ರಿ, ಉಳಿತೈತಿ."

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ತಾಯಿ ತಿರುಗಿ ನೋಡದೆ ಬರಬೇಕು. ಹಿಂದಿನಿಂದ ಇನ್ನೊಬ್ಬಳು ಕಂಡೂ ಕಾಣದವಳ ಹಾಗೆ ಬಂದು, ಅಯ್ಯ, ತಿಪ್ಪೆಯಲ್ಲಿ ಏನೋ ಬಿದ್ದಿದೆಯಲ್ಲ ಎಂದು ಎತ್ತಿಕೊಳ್ಳಬೇಕು. ಅವಳಿಂದ ತಾಯಿ ಒಂದು ಮೊರ ತೌಡು ಕೊಟ್ಟು ಕೂಸನ್ನು ಕೊಂಡುಕೊಳ್ಳಬೇಕು. ಇದು ನಮ್ಮದಲ್ಲ, ಯಾರೋ ಬಿಸಾಕಿದ್ದು, ತೌಡಿನ ಬೆಲೆಯದು ಎಂದು ಯಮನಿಗೆ ತೋರಿಸುವ ಉಪಾಯ. ಆಮೇಲೆ ಇಡುವ ಹೆಸರೂ ಅಂಥದ್ದೇ. ಹೆಸರು ಎಂದರೆ ಕರೆಯುವುದಕ್ಕೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಕೆಲವು ಹೆಸರು ಅಡಗಿಸುವುದಕ್ಕೆ ಇರುತ್ತವೆ. ನಾನು ತಿರುಗಿ ನೋಡದೆ ಬಂದೆ. ಹಣಮವ್ವ ಎತ್ತಿಕೊಂಡಳು. ತಿಪ್ಪವ್ವ ಎಂದು ಕರೆದೆವು. ತಿಪ್ಪವ್ವ ಉಳಿದಳು.

ಉಳಿದವಳು ಸುಮ್ಮನೆ ಉಳಿಯಲಿಲ್ಲ, ಓದಿದಳು. ಯಾದಗಿರಿಯಲ್ಲಿ ಕಾಲೇಜು ಮುಗಿಸಿ ಇದೇ ಸೆಂಟರಿನಲ್ಲಿ ಕಂಪ್ಯೂಟರ್ ಕಲಿತಳು. ಹುಡುಗಿಯರ ಬ್ಯಾಚಿಗೆ ನೀವೇ ಕಲಿಸಿರಿ ಎಂದರು ಶರಣು ಸರ್. ಅಲ್ಲಿ ಸೇರುವಾಗಲೇ ತನ್ನ ಹೆಸರು ದೀಪಾ ಎಂದು ಹೇಳಿಕೊಂಡಿದ್ದಳು, ಎಲ್ಲರಿಗೂ ಅವಳು ದೀಪಾ ಮೇಡಂ. ನಾನು ತಾಯಿ ಎಂಬುದನ್ನು ಅವಳು ಮುಚ್ಚಿಡಲಿಲ್ಲ, ಅದಕ್ಕೆ ನನ್ನ ಮೆಚ್ಚುಗೆಯಿದೆ. ಹೆಸರು ಹಿಡಿದು ಕರೆಯಬೇಡ ಎಂದಷ್ಟೇ ಹೇಳಿದ್ದಳು. ನಾನೂ "ಏ ಹುಡುಗಿ" ಎಂದೇ ಕೂಗುತ್ತಿದ್ದೆ. ಹಾಗೇ ನಡೆದು ಹೋಗುತ್ತಿತ್ತೋ ಏನೋ. ಆದರೆ ಕಲಬುರಗಿಯ ದೊಡ್ಡ ಆಫೀಸಿನವರು ಕಲಿಸುವವರೆಲ್ಲ ತಮ್ಮ ಹೆಸರಿನಲ್ಲಿ ಒಂದು ಇ-ಮೇಲ್ ಮಾಡಿಕೊಳ್ಳಬೇಕು, ಅಲ್ಲಿ ಯಾವ ಹೆಸರು ಏರುತ್ತದೋ ಅದೇ ಮುಂದೆ ಪ್ರಮಾಣಪತ್ರಕ್ಕೆ ಬರುತ್ತದೆ ಎಂದು ತಾಕೀತು ಮಾಡಿದರು.

ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಬಂದು ಒಲೆಯ ಮುಂದೆ ಕೂತಳು.

"ಯವ್ವಾ, ನಾಳೆ ನನ್ನ ಹೆಸರ ಏರಸ್ತೀನಿ. ದೀಪಾ ಅಂತ. ಆಮ್ಯಾಲ ಕೋರ್ಟಿನ್ಯಾಗೂ ಬದಲಿ ಮಾಡಸ್ತೀನಿ. ನೀ ನಡುವ ಬಾಯಿ ಹಾಕಬ್ಯಾಡ."

"ಆ ಹೆಸರ ನಿನ್ನ ಉಳಿಸೈತಿ."

"ಹೆಸರಲ್ಲಬೇ. ಸರ್ಕಾರಿ ದವಾಖಾನಿ ಸೂಜಿ ಉಳಿಸೈತಿ."

"ಸೂಜಿ ಅವರಿಬ್ಬರಿಗೂ ಹಾಕಸಿದ್ದೆ" ಎಂದೆ.

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅದನ್ನೇ ಅವಳು ಎತ್ತಿಕೊಂಡು ತಿಂದಳು.

ನಾನು ಹೆದರುವ ಹೆಂಗಸಲ್ಲ. ಹಾವು ಹೊಡೆದಿದ್ದೇನೆ, ಕೂಲಿ ಕೊಡದ ಗುತ್ತಿಗೆದಾರನ ಜೀಪಿಗೆ ಅಡ್ಡ ಮಲಗಿದ್ದೇನೆ. ದೇವರ ಮೇಲೂ ನನಗೆ ಅಷ್ಟಕ್ಕಷ್ಟೆ. ಆದರೆ ಆ ಹೆಸರನ್ನು ಬಿಡುತ್ತಾಳೆ ಎಂದಾಗ, ಇಪ್ಪತ್ತೆರಡು ವರ್ಷ ಅಡಗಿಸಿಟ್ಟ ಕೂಸಿನ ಮೇಲಿನ ಮುಸುಕು ಯಾರೋ ತೆಗೆಯುತ್ತಿದ್ದಾರೆ ಅನಿಸಿತು. ಅದು ಮೂಢನಂಬಿಕೆ ಎನ್ನುತ್ತೀರಿ. ಇರಲಿ. ನೀವು ಎರಡು ಸಲ ಹೂತು ಬಂದವರಲ್ಲ.

ಮರುದಿನ ಮಧ್ಯಾಹ್ನದವರೆಗೆ ಕರೆಂಟ್ ಇರಲಿಲ್ಲ. ಬಂದ ಮೇಲೆ ಶರಣು ಸರ್ ಫೋನಿನ ವೈರು ಚುಚ್ಚಿದರು. ಕೊಳವೆಯಲ್ಲಿ ಕಪ್ಪೆ ಸಿಕ್ಕಿಕೊಂಡ ಹಾಗೆ ಒದರಿ ಒದರಿ ಕೊನೆಗೆ ಅದು ಸುಮ್ಮನಾಯಿತು. ಸುಮ್ಮನಾದರೆ ಇಂಟರ್ನೆಟ್ ಬಂದಿದೆ ಎಂದು ಅರ್ಥ. ಬ್ಯಾಚಿನ ಹುಡುಗಿಯರೆಲ್ಲ ಮೇಡಂ ಹೆಸರು ಏರುವುದನ್ನು ನೋಡಲು ಸುತ್ತ ನಿಂತರು. ನಾನು ನೀರಿನ ಕೊಡ ಹಿಡಿದು ಬಾಗಿಲಲ್ಲಿ ನಿಂತೆ.

ದೀಪಾ ಎಂದು ಒತ್ತಿದಳು. ಕೆಂಪು ಅಕ್ಷರ ಬಂತು. "ಯಾರೋ ತಗೊಂಡಾರಂತ" ಎಂದಳು. ದೀಪಾದ ಮುಂದೆ ಶಹಾಪುರ ಸೇರಿಸಿದಳು. ಅದನ್ನೂ ತಗೊಂಡಿದ್ದರು. ಅಪ್ಪನ ಹೆಸರಿನ ಅಕ್ಷರ ಸೇರಿಸಿದಳು, ಹುಟ್ಟಿದ ವರ್ಷ ಸೇರಿಸಿದಳು, ಕೆಂಪು, ಮತ್ತೆ ಕೆಂಪು.

"ಮೇಡಂ, ಎಷ್ಟ್ ಮಂದಿ ದೀಪಾ ಅದಾರ್ರಿ!" ಎಂದಳು ಒಬ್ಬ ಹುಡುಗಿ. "ಕರೆಂಟಿಲ್ಲದ ಊರಿಗೆಲ್ಲಾ ಒಬ್ಬಾಕಿನ್ನ ಇಟ್ಟಂಗೈತಿ ನೋಡ್ರಿ."

ಎಲ್ಲರೂ ನಕ್ಕರು, ನನ್ನ ಮಗಳೂ ನಕ್ಕಳು, ಆದರೆ ಕಿವಿ ಕೆಂಪಾಗಿತ್ತು. ಕಂಪ್ಯೂಟರೇ ಕರುಣೆ ಬಂದು ಒಂದು ಹೆಸರು ಸೂಚಿಸಿತು: ದೀಪಾ, ಮುಂದೆ ಉದ್ದಕ್ಕೆ ಅಂಕಿಗಳು.

"ಇದನ್ನ ತಗೋರಿ, ನಡೀತೈತಿ" ಎಂದರು ಶರಣು ಸರ್.

"ಇದು ಹೆಸರಲ್ರಿ ಸರ್, ಲಾರಿ ನಂಬರ್."

ಹಾಗೆಂದು ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ನನ್ನ ಬಾಯಿಯ ಬಗ್ಗೆ ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಅದು ಮುಚ್ಚುವ ಬಾಯಿಯಲ್ಲ. ಆವತ್ತು ಮುಚ್ಚಿಕೊಂಡೆ. ನೆಲ ನೋಡಿದೆ. ಕೀಲಿಗಳ ಸದ್ದು ಕೇಳಿತು, ಒಂದೊಂದಾಗಿ, ತಡೆದು ತಡೆದು. ತಲೆಯೆತ್ತಿ ನೋಡಿದರೆ ಮೂರು ವಿಭೂತಿ ಗೆರೆಯ ಹಿಂದೆ ಕೆಂಪು ಇರಲಿಲ್ಲ.

ಶರಣು ಸರ್ ಕನ್ನಡಕ ಏರಿಸಿ ಓದಿದರು. "ತಿಪ್ಪವ್ವ? ಇದ್ಯಾರ್ರಿ?"

"ನಾನ್ರಿ."

"ಮತ್ತ ದೀಪಾ?"

"ದೀಪಾ ಊರೆಲ್ಲಾ ಅದಾರ್ರಿ ಸರ್. ತಿಪ್ಪವ್ವ ನಾನೊಬ್ಬಾಕಿನ ಅದೀನಿ."

ಒಬ್ಬಳು ಕಿಸಕ್ಕೆಂದಳು, ಉಳಿದವರು ನಗದಿದ್ದುದನ್ನು ನೋಡಿ ಸುಮ್ಮನಾದಳು. ನಾನು ಕೊಡ ಇಳಿಸಲು ಹೋಗಿ ಅರ್ಧ ನೀರು ನೆಲಕ್ಕೆ ಚೆಲ್ಲಿದೆ. ಆ ಮಡಿವಂತ ಕೋಣೆಯಲ್ಲಿ ನೀರು ಚೆಲ್ಲಿದವಳು ನಾನೊಬ್ಬಳೇ ಇರಬೇಕು.

ಸಂಜೆ ಇಬ್ಬರೂ ಕಾಲುವೆ ದಂಡೆ ಹಿಡಿದು ಮನೆಗೆ ನಡೆದೆವು. ನೀರು ತುಂಬಿ ಹರಿಯುತ್ತಿತ್ತು. ಆ ಕಡೆ ಬುದ್ಧ ಮಲಗಿದ ಹಾಗೆ ಕಾಣುವ ಗುಡ್ಡ ಕಪ್ಪಾಗುತ್ತಿತ್ತು. ಅರ್ಧ ದಾರಿಗೆ ಅವಳೇ, ಸಿಟ್ಟೋ ಬೆರಗೋ ತಿಳಿಯದ ದನಿಯಲ್ಲಿ, "ಇಡೀ ದುನಿಯಾದಾಗ ಯಾರೂ ತಗೊಂಡಿದ್ದಿಲ್ಲಬೇ ಅದನ್ನ!" ಎಂದಳು.

"ಯಾರೂ ತಗೋಬಾರದಂತನ ಇಟ್ಟಿದ್ದೆ."

ಅವಳು ನಿಂತುಬಿಟ್ಟಳು. ನಾನು ನಿಲ್ಲಲಿಲ್ಲ, ನಿಂತರೆ ಇಬ್ಬರೂ ಅಳಬೇಕಾಗುತ್ತಿತ್ತು, ಮನೆಯಲ್ಲಿ ಹಿಟ್ಟು ಬೇರೆ ಇರಲಿಲ್ಲ, ಅಂಗಡಿ ಮುಚ್ಚುವುದರೊಳಗೆ ಹೋಗಬೇಕಿತ್ತು. ಹಿಂದಿನಿಂದ ಓಡಿ ಬಂದು ನನ್ನ ಕೈಯ ಚೀಲ ಕಸಿದುಕೊಂಡಳು. "ಎಂಥಾ ಮುದುಕಿ ಇದ್ದೀಬೇ ನೀ" ಎಂದಳು. ಆಗ ನಾನಿನ್ನೂ ಮುದುಕಿಯಾಗಿರಲಿಲ್ಲ. ಈಗ ಆಗಿದ್ದೇನೆ. ಅವಳು ಯಾದಗಿರಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಕೋರ್ಟಿಗೆ ಹೋಗಲಿಲ್ಲ. ಅವಳ ಪತ್ರಗಳು ಇವತ್ತಿಗೂ ಅದೇ ಹೆಸರಿಗೆ ಬರುತ್ತವೆ; ಮುಂದೆ ಊರಿಲ್ಲ, ಅಂಕಿಯಿಲ್ಲ, ದಾರ ಸುತ್ತಿಲ್ಲ.

ಹೆಸರು ಏರಿದ ಮರುದಿನ ಬೆಳಿಗ್ಗೆ ನಾನು ಮಗಳನ್ನೂ ಕರೆದುಕೊಂಡು ಎಂದಿಗಿಂತ ಮೊದಲೇ ಸೆಂಟರಿಗೆ ಹೋದೆ. ನನ್ನ ಚಪ್ಪಲಿಯನ್ನು ನಾನು ಯಾವಾಗಲೂ ಹಿಂದೆ ನೀರಿನ ಡ್ರಮ್ಮಿನ ಮರೆಯಲ್ಲಿ ಬಿಡುತ್ತಿದ್ದೆ. ಆವತ್ತು ಮುಂಬಾಗಿಲಲ್ಲಿ, ಎಲ್ಲರೂ ಬಿಡುವ ಕಡೆ, ಮಗಳ ಚಪ್ಪಲಿಯ ಪಕ್ಕಕ್ಕೆ ಬಿಟ್ಟೆ. ಕಸ ಹೊಡೆದು ಗಾಜು ಒರೆಸಿದ ಮೇಲೆ, ಫೋನಿನ ವೈರು ಚುಚ್ಚಿ ಕೂತಿದ್ದ ಅವಳ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ.

"ಇನ್ನ ಎರಡು ಹೆಸರ ಸಿಗತಾವೇನ ನೋಡು" ಎಂದೆ. "ರತ್ನಾ."

ಅವಳು ನನ್ನ ಮುಖ ನೋಡಿ ಒತ್ತಿದಳು. ಕೆಂಪು ಬಂತು. "ತಗೊಂಡಾರಬೇ" ಎಂದಳು.

"ಚಂದ್ರ."

ಅದೂ ಕೆಂಪು. ಈ ಸಲ ಅವಳು ಓದಿ ಹೇಳಲಿಲ್ಲ. "ಮುಂದ ಏನರೆ ಹಚ್ಚಿ ನೋಡ್ಲೇನಬೇ?" ಎಂದು ಮೆಲ್ಲಗೆ ಕೇಳಿದಳು.

"ಬ್ಯಾಡ. ಗೊತ್ತಿತ್ತು" ಎಂದು ಎದ್ದೆ. ಮೆಟ್ಟಿಲ ಮೇಲೆ ಮೊದಲ ಬ್ಯಾಚಿನವರ ಸದ್ದು ಕೇಳುತ್ತಿತ್ತು. ಹೊರಗೆ ಬಂದು, ನಮ್ಮಿಬ್ಬರ ಚಪ್ಪಲಿ ಇದ್ದಲ್ಲಿಯೇ ಇರಲಿ ಎಂದು ಬಿಟ್ಟು, ಅವರೆಲ್ಲ ಬಿಸಾಕಿ ಹೋದವನ್ನು ಜೋಡಿ ಜೋಡಿಯಾಗಿ ಅವುಗಳ ಪಕ್ಕಕ್ಕೆ ಹೊಂದಿಸುತ್ತ ಕೂತೆ.