ಮಾವನ ಟವಲು

ನನ್ನ ಸೋದರಮಾವ ಬಸವಣ್ಣ ಊಟಕ್ಕೆ ಕೂತಾಗ ಎಷ್ಟು ಮುದ್ದೆ ಬೇಕೆಂದು ಬಾಯಿಬಿಟ್ಟು ಹೇಳಿದವನಲ್ಲ. ಹೆಗಲ ಮೇಲಿನ ಕೆಂಪು ಟವಲನ್ನು ಅವ್ವನ ಕೈಮೇಲೆ ಎಳೆದು, ಅದರ ಕೆಳಗೆ ಬೆರಳು ಒತ್ತುತ್ತಿದ್ದ. ಒಂದು ಬೆರಳಿಗೆ ಒಂದು ಮುದ್ದೆ. ಅವ್ವ ಮದುವೆಯಾದಾಗಿನಿಂದ ಕೊಳ್ಳೇಗಾಲದ ಕಾರ್ಖಾನೆಯಲ್ಲಿ ಬಿಸಿನೀರಿಗೆ ಕೈ ಹಾಕಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚಿದವಳು. ಅವಳ ಬೆರಳುಗಳು ಸತ್ತು ಎಷ್ಟೋ ಕಾಲವಾಗಿತ್ತು. ಅವನು ಎಷ್ಟು ಒತ್ತಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಎರಡು ಮುದ್ದೆ ಇಡುತ್ತಿದ್ದಳು.

"ಒಂದು ಕೇಳುದ್ನಲ್ಲಕ್ಕ."

"ನಿನ್ನ ಬೆರಳು ದಪ್ಪ ಅದ ಕಣ್ಲಾ. ಉಣ್ಣು."

ಅತ್ತೆ ಬೇಗ ತೀರಿಕೊಂಡಿದ್ದರಿಂದ ಮಾವ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ. ಅವನದು ದನದ ದಲ್ಲಾಳಿ ಕೆಲಸ. ದನದ ಸಂತೆಯಲ್ಲಿ ಕೊಳ್ಳುವವನೂ ದಲ್ಲಾಳಿಯೂ ಟವಲಿನ ಕೆಳಗೆ ಕೈ ಹಿಡಿದು, ಬೆರಳಲ್ಲೇ ಬೆಲೆ ಮಾತಾಡಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಕೈ ಬಿಟ್ಟ ಮೇಲೆ ಮಾತು ಬದಲಿಸಿದವನ ಕೈಯನ್ನು ಮುಂದಿನ ಸಂತೆಯಲ್ಲಿ ಯಾರೂ ಹಿಡಿಯುವುದಿಲ್ಲ. ಮಾವನಿಗೆ ಗೊತ್ತಿದ್ದ ಕಾಯಿದೆ ಇದೊಂದೇ.

ಆ ವರ್ಷಗಳಲ್ಲಿ ನಮ್ಮ ಕಡೆ ಸಂಘಗಳು ಹುಟ್ಟಿಕೊಳ್ಳುತ್ತಿದ್ದವು. ಹನೂರಿನ ಗಾಡಿಯವರು ಸಂಘ ಮಾಡಿಕೊಂಡರು, ಆಮೇಲೆ ಮಗ್ಗದವರು. ಮಾತಾಡಲು ಯಾರನ್ನು ಕಳಿಸುವುದೆಂದು ಯೋಚಿಸಿ ಮಾವನನ್ನು ಕರೆದರು, ಯಾಕೆಂದರೆ ಅವನು ಕಡಿಮೆ ಮಾತಾಡುತ್ತಿದ್ದ. ಯಳಂದೂರಿನ ಮಂಡಿಯಲ್ಲಿ ಸರಕು ಇಳಿಸಿಕೊಳ್ಳದೆ ಗಾಡಿಗಳನ್ನು ದಿನವೆಲ್ಲ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. ಮಾವ ಹೋಗಿ ಮಂಡಿಯ ಯಜಮಾನರ ಕೈಮೇಲೆ ಟವಲು ಹಾಕಿದ. ಇಬ್ಬರೂ ಎಡಗೈಯಲ್ಲಿ ಕಾಫಿ ಕುಡಿಯುತ್ತ ಒಂದು ಗಂಟೆ ಕೂತಿದ್ದರಂತೆ. ಮರುದಿನದಿಂದ ಗಾಡಿಗಳು ಬಂದ ಹಾಗೇ ಇಳಿದವು. ಒಪ್ಪಂದ ಏನೆಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ. ಮಗ್ಗದವರಿಗೂ ಹೀಗೇ ಆಯಿತು. ಮಳೆಗಾಲದಲ್ಲಿ ಸೀರೆ ತಡವಾದರೆ ಯಜಮಾನರು ಬೈಯುವುದು ನಿಂತಿತು.

ಆಮೇಲೆ ನಮ್ಮ ಸರದಿ. ನಾನು ಎಂಟನೇ ಕ್ಲಾಸು ಮುಗಿಸಿ ಅವ್ವನ ಪಕ್ಕದ ಬೇಸಿನ್ನಿನಲ್ಲೇ ನೂಲು ಬಿಚ್ಚುತ್ತಿದ್ದೆ. ನಲವತ್ತು ಜನ ಹೆಂಗಸರಿದ್ದೆವು. ಬಲಗೈ ಬೆಂದವರು ಎಡಗೈಯಲ್ಲಿ ಉಣ್ಣುತ್ತಿದ್ದರು. ಎರಡೂ ಬೆಂದವರಿಗೆ ಪಕ್ಕದವರು ತಿನ್ನಿಸುತ್ತಿದ್ದರು. ನಾವು ಕೇಳಿದ್ದು ಇಷ್ಟೇ: ಸಾಯಂಕಾಲ ನಾಲ್ಕಕ್ಕೆ ಅರ್ಧ ಗಂಟೆ ಕೈಯನ್ನು ನೀರಿನಿಂದ ಹೊರಗಿಡಲು ಬಿಡಬೇಕು.

ಮಾವ ಕಾರ್ಖಾನೆಯ ಸಾವ್ಕಾರರ ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೇ ಟವಲು ಕೊಡವುತ್ತ ಹೊರಗೆ ಬಂದ.

"ಆಯ್ತು, ಓಗ್ರವ್ವ."

"ಏನಾಯ್ತು?" ಅಂದಳು ಅವ್ವ.

"ಆಯ್ತು ಅಂದ್ರ ಆಯ್ತು. ಬಾಯಲ್ಲಿ ಯೋಳಿದ್ರ ಯಾಪಾರ ಕೆಟ್ಟೋಯ್ತದ."

ಮರುದಿನ ನಾಲ್ಕಕ್ಕೆ ನಾವೆಲ್ಲ ಕೈ ಹೊರಗೆ ತೆಗೆದೆವು. ಮೇಸ್ತ್ರಿ ಕೂಗಾಡಿದ. ಸಾವ್ಕಾರರು ಬಂದರು.

"ಯಾವ ಅರ್ಧ ಗಂಟೆ? ಬಸವಣ್ಣ ಬಂದಿದ್ದ, ಕೈ ಹಿಡ್ಕಂಡು ಯೋಗಕ್ಷೇಮ ವಿಚಾರಿಸ್ದೆ. ಅಷ್ಟೇಯ."

ಸುದ್ದಿ ಕೇಳಿ ಮಾವ ಕೋಪ ಮಾಡಿಕೊಳ್ಳಲಿಲ್ಲ. ಜಗಲಿಯ ಮೇಲೆ ಕೂತು ತನ್ನ ಬಲಗೈಯನ್ನೇ ನೋಡಿಕೊಂಡ.

"ಮೂರು ಬೆರಳು ಒತ್ತುದ್ನಕ್ಕ. ಬೆರಳಿಗ ಅತ್ತು ನಿಮಿಷ ಅಂತ ಮೊದ್ಲೇ ಮಾತಾಗಿತ್ತು. ದ್ಯಾವ್ರ ಕಣ್ಮುಂದ ಒತ್ತುದೆ."

"ಟವಲ್ ಕೆಳಗ ಯಾವ ದ್ಯಾವ್ರ ಕಣ್ಣು ಅದಲಾ?" ಅಂದಳು ಅವ್ವ. ಅವನು ಅವತ್ತು ಉಣ್ಣಲಿಲ್ಲ.

ನಾವು ಕೆಲಸ ನಿಲ್ಲಿಸಿದೆವು. ಹನೂರಿನ ಗಾಡಿಯವರು ಯಾರೂ ಕೇಳದೆಯೇ ಕಾರ್ಖಾನೆಗೆ ಸೌದೆ ತರುವುದನ್ನು ನಿಲ್ಲಿಸಿದರು. ಒಲೆ ಆರಿತು. ಬೇಯಿಸದೆ ಇಟ್ಟ ಗೂಡಿನೊಳಗೆ ಹುಳು ಚಿಟ್ಟೆಯಾಗುತ್ತದೆ. ಚಿಟ್ಟೆ ತೂತು ಮಾಡಿದ ಗೂಡಿನಿಂದ ನೂಲು ಬರುವುದಿಲ್ಲ. ಐದನೆಯ ದಿನ ಸಾವ್ಕಾರರು ತಾವೇ ಹೇಳಿಕಳಿಸಿದರು. ಆಗ ನಮ್ಮೂರು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಅಲ್ಲಿಂದ ಲೇಬರ್ ಆಫೀಸರೂ ಬಂದರು.

ಅಂಗಳದಲ್ಲಿ ಬೆಂಚು ಹಾಕಿದ್ದರು. ಮಾವ ಕೂತು ಟವಲಿಗೆ ಕೈ ಹಾಕಿದ. ಅವ್ವ ಅದನ್ನು ಕಿತ್ತುಕೊಂಡು ಕಂಕುಳಲ್ಲಿ ಇಟ್ಟುಕೊಂಡಳು.

"ಇದು ನನ್ ತಾವಿರ್ಲಿ. ಈಗ ಮಾತಾಡು."

ಟವಲಿಲ್ಲದೆ ಮಾವನಿಗೆ ಮಾತು ಹೊರಡಲಿಲ್ಲ. ಕೊನೆಗೆ ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಮೂರು ಬೆರಳು ತೋರಿಸಿದ.

"ಇದು ಏನು?" ಅಂದರು ಆಫೀಸರು.

"ಒಂದು ಬೆರಳಿಗೆ ಹತ್ತು ನಿಮಿಷ ಸಾ," ಅಂದೆ ನಾನು. ಅವರು ಬರೆದುಕೊಂಡರು.

"ಇದೇನ್ ದನದ ಸಂತೆಯ?" ಅಂದರು ಸಾವ್ಕಾರರು. ಮಾವ ಕೈ ಇಳಿಸಲಿಲ್ಲ. ಆಫೀಸರು ಗಡಿಯಾರ ನೋಡಿದರು. ಸಾವ್ಕಾರರು ಬೇರೆ ದಾರಿ ಕಾಣದೆ ಒಂದು ಬೆರಳು ಎತ್ತಿದರು.

"ಒಂದು!" ಅಂದರು ನಲವತ್ತು ಹೆಂಗಸರು.

ಅವರು ಬೆಚ್ಚಿದರು. ಒಲೆ ಆರಿದ ಕಡೆ ಒಮ್ಮೆ ನೋಡಿ ಇನ್ನೊಂದು ಎತ್ತಿದರು.

"ಎರಡು!" ಈ ಸಲ ಅವರ ಗುಮಾಸ್ತನ ದನಿಯೂ ಸೇರಿತ್ತು. ಸಾವ್ಕಾರರು ಏನೋ ಹೇಳಹೊರಟಾಗ ಹಿಂದಿನಿಂದ ಯಾರೋ, "ಬಾಯಲ್ಲಿ ಬ್ಯಾಡಿ, ಕೈಲಿ ತೋರ್ಸಿ!" ಅಂದರು. ಮೂರನೆಯ ಬೆರಳು ಅರ್ಧ ಎದ್ದು ನಿಂತಿತು.

"ಸಾವ್ಕಾರ್ರೆ, ಅದು ನೆಟ್ಟಗಿಲ್ಲ," ಅಂದಳು ಅವ್ವ.

ನೆಟ್ಟಗಾಯಿತು. ಒಪ್ಪಂದದ ಕಾಗದವನ್ನು ನಾನು ಕನ್ನಡದಲ್ಲಿ ಬರೆದೆ. ಮಾವ ಇನ್ನೂ ಕೈ ಎತ್ತಿಕೊಂಡೇ ಕೂತಿದ್ದ. ತೋಳು ಹಿಡಿದುಕೊಂಡುಬಿಟ್ಟಿತ್ತು. ಅವ್ವ ಅದನ್ನು ಮೆಲ್ಲಗೆ ಇಳಿಸಿದಳು.

ಅಲ್ಲಿಂದ ಮುಂದೆ ಯಾವ ಸಂಘದ ಮಾತಿಗೆ ಹೋಗುವಾಗಲೂ ಅವನು ಟವಲನ್ನು ನಮ್ಮ ಮನೆಯ ಗೂಟಕ್ಕೆ ನೇತುಹಾಕಿ ಹೋಗುತ್ತಿದ್ದ. ಊಟದ ಹೊತ್ತಿಗೆ ಮಾತ್ರ ಅದು ಹೆಗಲ ಮೇಲಿರುತ್ತಿತ್ತು.

ಹೋದ ವರ್ಷ ಲಕ್ವ ಹೊಡೆದು ಅವನ ಬಲಗೈಯೂ ಮಾತೂ ಹೋದವು. ಮಾತು ಹೋದದ್ದು ನಮಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ನಾನು ಕೆಲಸ ಬಿಟ್ಟು ಅವನ ಹತ್ತಿರ ಇದ್ದೆ. ಕಾರ್ಖಾನೆ ಎರಡು ಬೀದಿಯಾಚೆ. ಅವ್ವ ದಿನಾ ನಾಲ್ಕರ ಬಿಡುವಿನಲ್ಲಿ ಓಡಿಬಂದು ಅವನ ಪಕ್ಕ ಕೂತು, ಗಂಟೆ ಹೊಡೆದಾಗ ಎದ್ದು ಹೋಗುತ್ತಿದ್ದಳು.

ಕೊನೆಯ ದಿನ ಅವನು ಕಂಬಳಿಯ ಕೆಳಗೆ ಎಡಗೈಯಿಂದ ಅವಳ ಕೈ ಹಿಡಿದುಕೊಂಡ.

"ಕಂಬ್ಳಿ ಅಲ್ಲಾಡ್ತಾ ಅದ, ಏನೋ ಒತ್ತುತಾ ಅವ್ನೆ ಅನ್ನುಸ್ತದ. ಏನು ನೋಡವ್ವ," ಅಂದಳು ನನಗೆ.

ಕಂಬಳಿ ಸರಿಸಿ ನೋಡಿದೆ. "ಮೂರು ಬೆರಳು ಕಣವ್ವ."

"ಊಂ ಕಣ್ಲಾ, ಪೂರಾ ಅರ್ಧ ಗಂಟೆ ಇರ್ತೀನಿ. ಎಲ್ಲೂ ಓಗಕಿಲ್ಲ," ಅಂದಳು.

ಕೂತಳು. ಗಂಟೆ ಹೊಡೆಯಿತು, ಅವಳು ಏಳಲಿಲ್ಲ. ಅವನು ಮಲಗಿದ್ದಾನೆ, ಕೈ ಬಿಡಿಸಿಕೊಂಡರೆ ಎಚ್ಚರವಾದಾನೆಂದು ಹಾಗೇ ಹಿಡಿದುಕೊಂಡಿದ್ದಳು. ಆ ಕೈ ಆಗಲೇ ತಣ್ಣಗಾಗಿತ್ತು. ಅವಳ ಬೆರಳಿಗೆ ಅದು ತಿಳಿಯಲಿಲ್ಲ. ನಾನೇ ಬಾಯಿಬಿಟ್ಟು ಹೇಳಬೇಕಾಯಿತು.