ಹನ್ನೊಂದನೆಯ ಗಿನಿಪಿಗ್

ನಮ್ಮ ಸುಹಾಸಿನಿ ಅತ್ತೆಯ ಕೆಲಸ ಏನಿತ್ತೆಂದು ಹೇಳಿದರೆ ನೀವು ನಂಬುವುದಿಲ್ಲ: ಗಿನಿಪಿಗ್‌ಗಳನ್ನು ಬೆಳ್ಳಗೆ ಮಾಡುವುದು! ಅಮೆರಿಕದ ಲಿಸ್ಲ್‌ನ ಒಂದು ಲ್ಯಾಬಿನಲ್ಲಿ ಹದಿನೆಂಟು ವರ್ಷ ಅದನ್ನೇ ಮಾಡಿದರು. ಕಂದು ಗಿನಿಪಿಗ್ಗಿನ ಬೆನ್ನು ಬೋಳಿಸಬೇಕು, ಯುವಿ ದೀಪದಡಿ ಇಟ್ಟು ಚರ್ಮ ಕಪ್ಪಾಗಿಸಬೇಕು, ಆಮೇಲೆ ಯಾರದೋ ಕ್ರೀಮ್ ದಿನಾ ಹಚ್ಚಿ ಎಷ್ಟು ಬೆಳ್ಳಗಾಯಿತೆಂದು ಅಳೆಯಬೇಕು. ತನ್ನ ಬಣ್ಣದ ಬಗ್ಗೆ ಒಂದು ದಿನವೂ ತಲೆಕೆಡಿಸಿಕೊಳ್ಳದ ಪ್ರಾಣಿಗೆ ಇಷ್ಟು ಶಿಕ್ಷೆ, ಯಾರೋ ಮದುಮಗಳು ಫೋಟೋದಲ್ಲಿ ಹೊಳೆಯಲಿ ಎಂದು!

ಈ ಸಲದ ಮದುಮಗಳು ನನ್ನ ಅಕ್ಕ ತನಿಷಾ. ನಾರ್ತ್‌ವಿಲ್‌ನ ನಮ್ಮ ಮನೆಯಲ್ಲಿ ಅರಿಶಿನದ ಶಾಸ್ತ್ರ. ಗಂಡಿನ ದೊಡ್ಡಪ್ಪ ದೇವೇಂದ್ರ ಅಂಕಲ್‌ದು ಸ್ವಂತ ಕ್ರೀಮ್ ಕಂಪನಿ. ಹುಡುಗಿ ಸ್ವಲ್ಪ ಕಪ್ಪು ಎಂದು ನಿಶ್ಚಿತಾರ್ಥದಿಂದಲೂ ಗೊಣಗುತ್ತಿದ್ದ ಈ ಮಹಾಶಯರು ತಮ್ಮ ಹೊಸ ಕ್ರೀಮಿನ ಅರ್ಧ ಡಬ್ಬಿಯನ್ನು ಅರಿಶಿನದ ಬಟ್ಟಲಿಗೆ ಸುರಿದು ಕಲಸಿಯೇಬಿಟ್ಟರು.

ಡಬ್ಬಿಯ ಮೇಲಿನ ಸ್ಯಾಂಪಲ್ ನಂಬರ್ ನೋಡಿ ಅತ್ತೆಯ ಮುಖ ಬಿಳಿಚಿಕೊಂಡಿತು. ಹಿಂದಿನ ತಿಂಗಳು ಲ್ಯಾಬಿನಲ್ಲಿ ಅದೇ ಕ್ರೀಮ್ ಹಚ್ಚಿದ ಹತ್ತು ಗಿನಿಪಿಗ್‌ಗಳಲ್ಲಿ ಆರಕ್ಕೆ ಬೆನ್ನೆಲ್ಲ ಹುಣ್ಣಾಗಿತ್ತು. ವರದಿ ಅಂಕಲ್ ಕಂಪನಿಗೆ ತಲುಪಿಯೂ ಆಗಿತ್ತು. ಆದರೆ ಲ್ಯಾಬಿನ ಮಾತು ಹೊರಗೆ ಆಡಿದರೆ ಕೆಲಸ ಹೋಗುತ್ತಿತ್ತು. ಅತ್ತೆ ಲ್ಯಾಬಿನ ಹೆಸರನ್ನೇ ಎತ್ತಲಿಲ್ಲ. ಎರಡು ಬೆರಳಿನ ತುಂಬ ಆ ಅರಿಶಿನ ತೆಗೆದುಕೊಂಡು ನೇರ ಅಂಕಲ್ ಕಡೆಗೆ ನಡೆದರು.

"ಬನ್ನಿ ದೇವೇಂದ್ರ ಅವ್ರೇ, ಮೊದ್ಲು ನಿಮ್ಮ ಕೆನ್ನೆಗೆ."

"ನನಗ್ಯಾಕಮ್ಮ? ನಾನೇನು ಮದುಮಗಳಾ?"

"ಶಾಸ್ತ್ರದಲ್ಲಿ ಎಲ್ರೂ ಬಳ್ಕೋತಾರೆ. ನೀವಂತೂ ಓನರ್ರು!"

ಅಂಕಲ್ ಹಿಂದೆ ಸರಿಯುತ್ತ ಸರಿಯುತ್ತ ಸೋಫಾಗೆ ಎಡವಿ ದೊಪ್ಪನೆ ಕುಳಿತರು. ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು ಕೂಗಿದರು: "ಬೇಡಮ್ಮಾ, ಬೇಡ! ನನ್ನ ಸ್ಕಿನ್ನು ತುಂಬಾ ಸೆನ್ಸಿಟಿವ್ವು!"

ನಮ್ಮ ಶಾರದಜ್ಜಿ ಬಟ್ಟಲನ್ನೂ ನೋಡಿದರು, ಅಂಕಲನ್ನೂ ನೋಡಿದರು. "ಹಂಗಾದ್ರೆ ನಮ್ಮ ಹುಡ್ಗೀದೇನು ಎಮ್ಮೆ ಚರ್ಮಾನಾ?"

ಬಟ್ಟಲು ಸೀದಾ ಗಾರ್ಬೇಜ್ ಸೇರಿತು. ಅಜ್ಜಿ ಹೊಸ ಅರಿಶಿನ ಕಲಸಿದರು. ಅಕ್ಕ ಮದುವೆಯ ದಿನ ತನ್ನ ಬಣ್ಣದಲ್ಲೇ ಎಷ್ಟು ಚೆಂದ ಕಂಡಳು ಗೊತ್ತಾ!

ಸೋಮವಾರ ಲ್ಯಾಬಿನಲ್ಲಿ ಅತ್ತೆ ಟ್ರಿಮ್ಮರ್ ಹಿಡಿದಾಗ ಕೈಯೊಳಗಿನ ಗಿನಿಪಿಗ್ ಹಿಂದೆ ಸರಿಯಿತಂತೆ, ಥೇಟ್ ಅಂಕಲ್ ಥರ. ಆದರೆ ತನ್ನ ಸ್ಕಿನ್ನು ಸೆನ್ಸಿಟಿವ್ ಎನ್ನಲು ಅದಕ್ಕೆ ಬಾಯಿಲ್ಲ. ಮಧ್ಯಾಹ್ನವೇ ಅತ್ತೆ ರಾಜೀನಾಮೆ ಕೊಟ್ಟರು.