ಗಂಜಿಗೆ ಕಲಸಿದ ಹಾಲಿನ ಹುಡಿ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಮಗ ದೊಡ್ಡವನಾಗಲಿ ಎಂದೆ, ಅವ್ವನ ಕಾಲ ಮುಗಿಯಲಿ ಎಂದೆ, ನಿವೃತ್ತಿಯಾಗಲಿ ಎಂದೆ. ಎಲ್ಲ ಆಯಿತು. ಹೇಳಿಸಿಕೊಳ್ಳಬೇಕಾದವಳು ಹೋಗಿಯೂ ಹನ್ನೊಂದು ವರ್ಷವಾಯಿತು. ನನಗೀಗ ತೊಂಬತ್ತರ ಹತ್ತಿರ. ಇನ್ನು ಮುಂದೂಡಲು ಯಾವ ನೆಪವೂ ಉಳಿದಿಲ್ಲ.

ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ನಮ್ಮ ಚೊಚ್ಚಲ ಮಗುವಿಗೆ ಐದು ತಿಂಗಳು ತುಂಬಿದಾಗ, ಅದಕ್ಕೆ ಮೊಲೆಯೂಡಿಸುತ್ತಿದ್ದ ನನ್ನ ಹೆಂಡತಿಯ ಗಂಜಿಗೆ, ಅವಳಿಗೆ ಗೊತ್ತಾಗದಂತೆ, ನಾನು ಹಾಲಿನ ಹುಡಿ ಕಲಸಿದೆ. ಒಂದು ದಿನವಲ್ಲ, ಐದು ದಿನ. ಅವಳು ದನದ ಹಾಲು ಬಿಟ್ಟಿದ್ದಳು — ಮಗುವಿಗೆ ಆಗುವುದಿಲ್ಲವೆಂದು ಬಿಟ್ಟಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕಲಸಿದೆ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ಕಡಬದ ಆಚೆಗೆ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ಟ್ರು. ನಮ್ಮ ಕುಟುಂಬದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ಹಾಗಾಗಿ ಜ್ವರಕ್ಕೆ ಯಾವ ಮಾತ್ರೆ, ಅರ್ಜಿಗೆ ಯಾವ ಒಕ್ಕಣೆ, ಎಲ್ಲವನ್ನೂ ನನ್ನಲ್ಲೇ ಕೇಳುತ್ತಿದ್ದರು. ನಾನು ಹೇಳಿದ್ದಕ್ಕೆ ಎದುರು ಮಾತು ಬಂದದ್ದಿಲ್ಲ. ಅದು ಒಳ್ಳೆಯದಲ್ಲವೆಂದು ಈಗ ಅನಿಸುತ್ತದೆ. ಆಗ ಅನಿಸಿರಲಿಲ್ಲ.

ಹೆಂಡತಿಯ ತವರು ಅಜ್ಜಾವರ. ಹೆರಿಗೆ ಅಲ್ಲೇ ಆಯಿತು, ಬಾಣಂತನವೂ ಅಲ್ಲೇ. ಅನುಕೂಲವಿದ್ದ ಮನೆಯಲ್ಲ, ಆ ವರ್ಷ ಅವರ ಕೊಟ್ಟಿಗೆಯಲ್ಲಿ ಕರೆಯುವ ದನವಿರಲಿಲ್ಲ. ಬಾಣಂತಿಗೆ ಮೆಂತೆ ಗಂಜಿ ಮಾಡಿ, ತೆಂಗಿನಕಾಯಿ ಹಾಲು ಹಿಂಡಿ, ಬೆಲ್ಲ ಹಾಕಿ ಕೊಡುತ್ತಿದ್ದರು. ಮಗು ಅಲ್ಲಿ ಚೆನ್ನಾಗಿತ್ತು. ಮೂರು ತಿಂಗಳು ಕಳೆದು ನಾನು ಕರೆತರಲು ಹೋದಾಗ ಎತ್ತಿಕೊಂಡರೆ ಕೈ ಸೋಲುವಷ್ಟು ಭಾರವಾಗಿತ್ತು, ಮೈ ನುಣ್ಣಗಿತ್ತು. ಸುಳ್ಯದವರೆಗೆ ನಡೆದು, ಮುಂದೆ ಎರಡು ಬಸ್ಸು ಬದಲಿಸಿ ಮನೆ ಸೇರುವವರೆಗೂ ಅದು ಒಂದೇ ಸಲ ಅತ್ತದ್ದು.

ಅವ್ವ ಇಲ್ಲಿ ಆಗಷ್ಟೇ ಕರು ಹಾಕಿದ ಕೆಂದು ದನವೊಂದನ್ನು ಬಾಣಂತಿಗೆಂದೇ ಮೀಸಲಿಟ್ಟು ಕಾಯುತ್ತಿದ್ದಳು. ಆ ಹಾಲಿನ ಚಹಾ ನಮಗೂ ಇಲ್ಲ. ಬೆಳಿಗ್ಗೆ ಒಂದು ದೊಡ್ಡ ಲೋಟ, ಸಂಜೆ ಒಂದು, ಮಧ್ಯಾಹ್ನ ಗಟ್ಟಿ ಮೊಸರು. ಸೊಸೆ ಕುಡಿದು ಲೋಟ ಕವುಚುವವರೆಗೆ ಅವ್ವ ಎದುರೇ ನಿಂತಿರುತ್ತಿದ್ದಳು.

"ಕುಡಿ, ಕುಡಿ. ನಿನ್ನ ಅಪ್ಪನ ಮನೆಯ ಹಾಗೆ ಇಲ್ಲಿ ತೆಂಗಿನಕಾಯಿ ಹಿಂಡಿ ಹಾಲು ಅಂತ ಹೇಳುದಿಲ್ಲ."

ಹದಿನೈದು ದಿನ ಕಳೆಯುವುದರೊಳಗೆ ಮಗುವಿನ ಕೆನ್ನೆಯಲ್ಲಿ ಕೆಂಪು ಎದ್ದಿತು. ಮತ್ತೆ ಕುತ್ತಿಗೆಯ ಮಡಿಕೆಯಲ್ಲಿ, ಮೊಣಕೈ ಸಂದಿಯಲ್ಲಿ. ತುರಿಸಿ ತುರಿಸಿ ನೀರು ಒಸರುತ್ತಿತ್ತು. ಮೊಲೆ ಕುಡಿದು ಸ್ವಲ್ಪ ಹೊತ್ತಿಗೆ ಕಾಲು ಮಡಚಿ ಕಿರುಚುತ್ತಿತ್ತು. ಬಟ್ಟೆಯಲ್ಲಿ ಸಿಂಬಳದಂಥ ಲೋಳೆ, ಕೆಲವು ದಿನ ಅದರಲ್ಲಿ ರಕ್ತದ ಎಳೆ. ದೃಷ್ಟಿ ತೆಗೆದರು. ಎಣ್ಣೆ ಬದಲಿಸಿದರು. ಮೀಯಿಸುವ ನೀರಿಗೆ ಸೊಪ್ಪು ಹಾಕಿದರು. ನಾನು ಪುತ್ತೂರಿನಿಂದ ಒಂದು ಮುಲಾಮು ತಂದೆ.

ಕಾರಣ ಕಂಡುಹಿಡಿದದ್ದು ನನ್ನ ಹೆಂಡತಿ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು.

ಒಂದು ಸಂಜೆ ನಾನು ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದಾಗ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು.

"ಕೇಳಿತಾ... ಒಂದು ಹೇಳ್ತೇನೆ, ನೆಗಾಡ್ಬೇಡಿ. ಆಚೆ ವಾರ ಹಗ್ಗ ಬಿಚ್ಚಿಕೊಂಡು ಕರು ಎಲ್ಲ ಕುಡಿದುಬಿಟ್ಟದ್ದು ನೆನಪುಂಟಲ್ಲ? ಮತ್ತೆ ಮೂರು ದಿನ ದನ ಸೊರ ಬಿಡ್ಲೇ ಇಲ್ಲ, ಕರೆದ್ರೆ ಹಾಲೇ ಇಳೀಲಿಲ್ಲ. ಆ ಮೂರು ದಿನ ನನಗೆ ಕುಡಿಲಿಕ್ಕೆ ಹಾಲಿಲ್ಲ. ಮೂರನೇ ದಿನ ಇವ ಅಳ್ಲಿಲ್ಲ."

"ಅದಕ್ಕೆ?"

"ಹಾಲು ನನ್ನಿಂದ ಇವನಿಗೆ ಹೋಗಿ ಆಗದೆ ಇರುದು ಅಂತ ಕಾಣ್ತದೆ. ಅಜ್ಜಾವರದಲ್ಲಿ ಇವನಿಗೆ ಎಂತದೂ ಇರ್ಲಿಲ್ಲ ಅಲ್ವಾ?"

ನಾನು ನಕ್ಕೆ. ಹಾಲು ಪರಿಪೂರ್ಣ ಆಹಾರವೆಂದು ಆ ವಾರವಷ್ಟೇ ಬೋರ್ಡಿನಲ್ಲಿ ಬರೆದು ಮಕ್ಕಳಿಂದ ಓದಿಸಿದ್ದೆ. "ನೀನು ಡಾಕ್ಟ್ರಾ ಮಾರಾಯ್ತಿ? ಹಾಲು ಕುಡಿದ್ರೆ ಮಗುವಿಗೆ ಕಜ್ಜಿ ಬರ್ತದೆ ಅಂತ ಯಾವ ಪುಸ್ತಕದಲ್ಲಿ ಉಂಟು?" ಎಂದೆ.

"ಪುಸ್ತಕದಲ್ಲಿ ಇಲ್ಲದಿರಬಹುದು. ಇವನ ಮೈಯಲ್ಲಿ ಉಂಟಲ್ಲ," ಎಂದಳು.

ಅವಳು ಜಗಳ ಮಾಡಲಿಲ್ಲ. ಮರುದಿನದಿಂದ ಹಾಲು ಮೊಸರು ಬಿಟ್ಟಳು — ಅಷ್ಟೇ. ಅವ್ವ ಕೊಟ್ಟ ಲೋಟವನ್ನು ಕೈಯಿಂದ ಮುಟ್ಟದೆ, ತಲೆ ತಗ್ಗಿಸಿ, "ಬೇಡ ಅತ್ತೆ" ಎಂದಳು. ಅವ್ವ ಬೈದಳು, ಅತ್ತಳು, ಎರಡು ಹೊತ್ತು ಊಟ ಬಿಟ್ಟಳು. "ನಮ್ಮ ದನದ ಹಾಲಿನಲ್ಲಿ ನಂಜು ಉಂಟಂತೆ, ಕೇಳಿದ್ರಾ?" ಎಂದು ನೆರೆಮನೆಯವರೆಗೂ ಹೋಗಿ ಹೇಳಿ ಬಂದಳು. ಹೆಂಡತಿ ತೆಂಗಿನ ಹಾಲಿನ ಗಂಜಿಯನ್ನು ತಾನೇ ಮಾಡಿಕೊಂಡು ಉಂಡಳು. ಮೂರನೆಯ ವಾರಕ್ಕೆ ಮಗುವಿನ ಕೆನ್ನೆ ತಿಳಿಯಾಯಿತು. ರಕ್ತ ನಿಂತಿತು. ಅದು ನಗಲು ಕಲಿತದ್ದು ಆಗ.

ಅಲ್ಲಿಗೆ ಮುಗಿಯಬೇಕಿತ್ತು. ನಾನು ಸಂತೋಷಪಡಬೇಕಿತ್ತು. ಆದರೆ —

ಆದರೆ ಕಡಬದ ಪೇಟೆಯಲ್ಲಿ ಒಬ್ಬರು ನನ್ನನ್ನು ತಡೆದು, "ಎಂತ ಮಾಸ್ಟ್ರೆ, ಶಾಲೆಯ ಮಕ್ಕಳಿಗೆಲ್ಲ ಹಾಲು ಕುಡಿಸ್ತೀರಿ, ಮನೆಯಲ್ಲಿ ಹೆಂಡತಿಗೆ ಹಾಲೇ ಆಗುದಿಲ್ಲವಂತೆ?" ಎಂದು ನಕ್ಕರು. ಸುತ್ತ ನಿಂತವರೂ ನಕ್ಕರು. ಮನೆಗೆ ಬಂದರೆ ಅವ್ವನ ಮುಖ. ಅಜ್ಜಾವರದ ಬಡಮನೆಯಲ್ಲಿ ಚೆನ್ನಾಗಿದ್ದ ಮಗು ನಮ್ಮ ಮನೆಯ ಅನ್ನ ಹಾಲಿನಿಂದ ಕೆಟ್ಟಿತು ಎಂಬ ಮಾತು ನನಗೂ ಚುಚ್ಚುತ್ತಿತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಅವಳು ನನ್ನನ್ನು ಕೇಳಿದ್ದಳು, ನಾನು ನಕ್ಕು ತಳ್ಳಿಹಾಕಿದ್ದೆ, ಅವಳು ಮಾಡಿಬಿಟ್ಟಿದ್ದಳು. ಮತ್ತು ಅವಳು ಹೇಳಿದ್ದೇ ಸರಿಯಾಗಿತ್ತು.

ನಮ್ಮ ಶಾಲೆಗೆ ಆಗ ಮಕ್ಕಳಿಗೆಂದು ಹಾಲಿನ ಹುಡಿ ಬರುತ್ತಿತ್ತು. ಬಿಸಿನೀರಿಗೆ ಹಾಕಿ ಕಲಸಿ, ಗಂಟು ಒಡೆದು, ಮಕ್ಕಳು ಮನೆಯಿಂದ ತಂದ ಲೋಟಗಳಿಗೆ ಹೊಯ್ಯುವುದು ನನ್ನ ಪಾಲಿನ ಕೆಲಸ. ಒಂದು ಸೋಮವಾರ ಅದರಿಂದ ಸ್ವಲ್ಪವನ್ನು ಕಾಗದದಲ್ಲಿ ಕಟ್ಟಿ ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಬಂದೆ. ಮಕ್ಕಳಿಗೆ ಬಂದದ್ದನ್ನು ತಂದೆನೆಂಬ ಅಳುಕೂ ಆಗಲಿಲ್ಲ.

ಹೆಂಡತಿ ಬೆಳಿಗ್ಗೆ ಗಂಜಿ ಬೇಯಿಸಿ ಆರಲು ಒಲೆಯ ಬದಿಗೆ ಇಟ್ಟು ಮಗುವನ್ನು ಮೀಯಿಸಲು ಹೋಗುತ್ತಿದ್ದಳು. ತೆಂಗಿನ ಹಾಲು ಹಾಕಿದ ಗಂಜಿ ಬೆಳ್ಳಗೇ ಇರುತ್ತದೆ, ಮೆಂತೆಯ ಕಹಿ ಇರುತ್ತದೆ, ಬೆಲ್ಲದ ಸಿಹಿ ಇರುತ್ತದೆ. ಮೂರು ಚಮಚ ಹುಡಿ ಅದರಲ್ಲಿ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಗಂಟಾಗದಂತೆ ಮೊದಲು ಬಿಸಿನೀರಿನಲ್ಲಿ ಕದಡಿ ಹಾಕುತ್ತಿದ್ದೆ. ಶಾಲೆಯಲ್ಲಿ ಮಾಡಿ ಅಭ್ಯಾಸವಿತ್ತಲ್ಲ.

ನನ್ನ ಲೆಕ್ಕಾಚಾರ ಇಷ್ಟು: ವಾರದ ಕೊನೆಗೂ ಮಗು ಚೆನ್ನಾಗಿಯೇ ಇರುತ್ತದೆ. ಆಗ ಅವ್ವನ ಎದುರಲ್ಲೇ ಹೇಳಬಹುದು — ನೋಡು, ಇಷ್ಟು ದಿನ ನೀನು ಹಾಲು ಉಂಡಿದ್ದಿ, ಏನಾಯಿತು? ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ. ಹೀಗೆ ಯೋಚಿಸಿದ್ದೆ.

ಮೂರನೆಯ ದಿನ ಕೆನ್ನೆ ಕೆಂಪಾಯಿತು. ಕಂಡರೂ, ಸೆಕೆಗೆ ಇರಬೇಕು ಅಂದುಕೊಂಡೆ. ನಾಲ್ಕನೆಯ ದಿನ ಮಗು ಸಂಜೆಯೆಲ್ಲ ಕಿರುಚಿತು. ಐದನೆಯ ದಿನ ಬೆಳಿಗ್ಗೆ — ಇದನ್ನು ಬರೆಯುವುದೇ ಕಷ್ಟ — ಮಗು ರಾತ್ರಿ ಅತ್ತದ್ದನ್ನು ಕೇಳಿಯೂ ನಾನು ಕಲಸಿದೆ. ಶಾಲೆಯಿಂದ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. ಕೈಯಲ್ಲಿ ಮಗುವಿನ ಬಟ್ಟೆ. ಈ ಸಲ ಎಳೆಯಲ್ಲ, ಅಂಗೈಯಗಲ ರಕ್ತ.

"ನಾನು ಎಂತದೂ ಮುಟ್ಟಲಿಲ್ಲ," ಎಂದಳು. "ದೇವರಾಣೆ, ಒಂದು ತೊಟ್ಟು ಹಾಲು ಮುಟ್ಟಲಿಲ್ಲ. ಗಂಜಿ ಬಿಟ್ರೆ ಬೇರೆ ತಿನ್ಲಿಲ್ಲ. ಮತ್ತೆ ಇದು ಹೇಗೆ?"

ಉತ್ತರ ಗೊತ್ತಿದ್ದವನು ಅವಳ ಎದುರೇ ನಿಂತಿದ್ದ. ಒಂದು ವಾಕ್ಯ ಸಾಕಿತ್ತು. ಒಳಗಿನಿಂದ ಅವ್ವ ಬಂದಳು, ಬಟ್ಟೆ ನೋಡಿದಳು. "ಕಂಡಿತಾ? ಹಾಲು ಬಿಟ್ಟು ಎಂತ ಆಯ್ತು? ಹಾಲಿನದ್ದು ಅಲ್ಲ ಅಂತ ನಾನು ಆಗ್ಲೇ ಹೇಳ್ಲಿಲ್ವಾ?" ಎಂದಳು. ಹೆಂಡತಿ ನನ್ನ ಮುಖ ನೋಡಿದಳು.

ನಾನು ಹೇಳಿದ್ದು ಇದು: "ಹೌದು. ಹಾಲಿನದ್ದು ಅಲ್ಲ ಅಂತ ಆಯ್ತಲ್ಲ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು. ಮತ್ತೆ, ಯಾರಿಗೂ ಅಲ್ಲ ಎಂಬಂತೆ, "ಹಾಗಾದ್ರೆ ನನ್ನ ಎದೆಹಾಲೇ ಇವನಿಗೆ ನಂಜು," ಎಂದಳು.

ನಾನು ಅಲ್ಲವೆನ್ನಲಿಲ್ಲ.

ಮರುದಿನವೇ ಅವಳು ಮೊಲೆ ಬಿಡಿಸಿದಳು. ನಮ್ಮ ಕಡೆ ಹಾಲು ಬತ್ತಿಸಲು ಮಲ್ಲಿಗೆ ಹೂವನ್ನು ಎದೆಗೆ ಇಟ್ಟು ಬಟ್ಟೆ ಬಿಗಿದು ಕಟ್ಟುತ್ತಾರೆ. ಅವಳೂ ಕಟ್ಟಿಕೊಂಡಳು. ಹಾಲು ಕಟ್ಟಿ ಜ್ವರ ಬಂತು. ಮಗು ಹಸಿದು ಅವಳ ಕಡೆಗೇ ಬಾಯಿ ಮಾಡುತ್ತಿತ್ತು. ಅವಳು ಮುಖ ಗೋಡೆಗೆ ಮಾಡಿ ಮಲಗಿದ್ದಳು. ಅವ್ವ ಗೆದ್ದ ಸಂಭ್ರಮದಲ್ಲಿ ಒಳಲೆಯಲ್ಲಿ ದನದ ಹಾಲನ್ನೇ ಮಗುವಿನ ಬಾಯಿಗೆ ಹೊಯ್ದಳು. ನಾನು ಆಗಲೂ ಪಕ್ಕದಲ್ಲೇ ಇದ್ದೆ. "ಬೇಡ ಅವ್ವ" ಎಂದು ಹೇಳಿದೆ. ಯಾಕೆ ಬೇಡ ಎಂದು ಅವಳು ಕೇಳಿದಾಗ ಅಂಗಳಕ್ಕೆ ಇಳಿದು ಹೋದೆ. ಒಂದು ಗಂಟೆಯೊಳಗೆ ಮಗು ವಾಂತಿ ಮಾಡಿ ಮಾಡಿ ಬಿಳಿಚಿಕೊಂಡು ಕೈಯಲ್ಲಿ ಜೋತುಬಿದ್ದಿತು.

ಜೀಪು ಹಿಡಿದು ಪುತ್ತೂರಿಗೆ ಒಯ್ದೆವು. ಎಂಟು ದಿನ ಅಲ್ಲಿದ್ದೆವು. ಡಾಕ್ಟರು ಮಗುವಿಗೆ ಏನೇನು ಕೊಟ್ಟಿರೆಂದು ಕೇಳಿದಾಗ ಹಾಲು ಹೊಯ್ದದ್ದನ್ನು ಹೇಳಿದೆ. ತಾಯಿ ಏನು ಉಣ್ಣುತ್ತಿದ್ದರು ಎಂದು ಅವರು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಮಗು ಬದುಕಿತು. ರಾಗಿ ಮಣ್ಣಿ, ಅಕ್ಕಿಯ ತೆಳಿ — ಇದರಲ್ಲೇ ಬೆಳೆಯಿತು. ಕೈಕಾಲು ಕಡ್ಡಿಯಂತಿದ್ದವು, ನಡೆಯಲು ಎರಡು ವರ್ಷವಾಯಿತು. ಮೂರರ ಮೇಲೆ ತಾನಾಗಿ ಹಾಲೂ ಒಗ್ಗಿತು. ಮಗ ಈಗ ಮೊಮ್ಮಕ್ಕಳನ್ನು ಕಂಡವನು, ಗಟ್ಟಿಮುಟ್ಟಾಗಿದ್ದಾನೆ. ಹಾಗಾಗಿ ಯಾರಾದರೂ, ಏನೂ ಆಗಲಿಲ್ಲವಲ್ಲ ಎನ್ನಬಹುದು.

ಆದದ್ದನ್ನು ಹೇಳುತ್ತೇನೆ. ನಾಲ್ಕು ವರ್ಷದ ಮೇಲೆ ಮಗಳು ಹುಟ್ಟಿದಳು. ಹೆರಿಗೆಯಾದ ಮರುದಿನ ನಾನು ನೋಡಲು ಅಜ್ಜಾವರಕ್ಕೆ ಹೋದಾಗ ಹೆಂಡತಿ ಮೊದಲು ಕೇಳಿದ್ದು, "ಮಲ್ಲಿಗೆ ಸಿಕ್ಕಬಹುದಾ?" ಎಂದು. ಅವಳ ತಾಯಿ ಗೋಗರೆದರು — "ಒಂದು ಸಲ ಬಾಯಿಗೆ ಕೊಟ್ಟು ನೋಡು ಮಗಾ." ಅವಳು ಕೊಡಲಿಲ್ಲ. "ಒಂದಕ್ಕೆ ಮಾಡಿದ್ದು ಸಾಕು ಅವ್ವ," ಎಂದಳು.

ಸುಳ್ಯಕ್ಕೆ ಹೋಗಿ ಹೂ ತಂದುಕೊಟ್ಟವನು ನಾನು. ಎಲೆಯಲ್ಲಿ ಕಟ್ಟಿಸಿ, ಬಾಡದಂತೆ ನೀರು ಚಿಮುಕಿಸಿಕೊಂಡು, ನಡೆದು ಬಂದೆ. ದಾರಿಯುದ್ದಕ್ಕೂ ಹೇಳಬೇಕೆಂದೇ ಬಂದೆ. ಬಾಗಿಲಲ್ಲಿ ಅವಳ ಅಪ್ಪ ಕುಳಿತಿದ್ದರು. ಅವರ ಎದುರು ಹೇಗೆ... ಆಮೇಲೆ ಹೇಳಿದರಾಯಿತು ಎಂದು ಹೂವನ್ನು ಒಳಗೆ ಕೊಟ್ಟೆ.

ಮಗಳು ದನದ ಹಾಲಿನಲ್ಲೇ ದುಂಡಗೆ ಬೆಳೆದಳು. ಹೆಂಡತಿ ಅದನ್ನು ನೋಡಿ ತನ್ನ ನಿರ್ಧಾರ ಸರಿಯಾಯಿತೆಂದೇ ತಿಳಿದಳು. ಮಲ್ಲಿಗೆ ಮುಡಿಯುವುದನ್ನು ಅವಳು ಯಾವಾಗಲೋ ಬಿಟ್ಟಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಮುಂದೆ ಮಗಳಿಗೆ ಮಗುವಾದಾಗ ಅದು ಮೊಲೆ ಕುಡಿಯುವುದನ್ನು ನೋಡುತ್ತಾ, "ನಿನ್ನ ಹಾಲು ಒಳ್ಳೆಯದು. ನನ್ನದು ಹಾಗೆ ಇರ್ಲಿಲ್ಲ," ಎಂದಳು. ನಾನು ಚಾವಡಿಯಲ್ಲಿ ಪೇಪರು ಓದುತ್ತಿದ್ದೆ. ಪುಟ ಮಗುಚಿದೆ.

ಕಳೆದ ವರ್ಷ ಪುತ್ತೂರಿನಲ್ಲಿ ಆ ಮೊಮ್ಮಗಳಿಗೇ ಮಗುವಾಯಿತು. ಅದೇ ಕೆನ್ನೆ, ಅದೇ ಲೋಳೆ. ಡಾಕ್ಟರಮ್ಮ ನೋಡಿ, "ದನದ ಹಾಲಿನ ಅಲರ್ಜಿ. ನೀವು ಹಾಲು, ಮೊಸರು, ಬೆಣ್ಣೆ ಎಲ್ಲ ಬಿಡಿ. ಎದೆಹಾಲು ಮಾತ್ರ ಬಿಡ್ಬೇಡಿ," ಎಂದರಂತೆ. ಈಗ ಮೊಮ್ಮಗಳ ಗಂಡ ಬಿಸ್ಕೆಟಿನ ಪೊಟ್ಟಣ ತಂದರೂ ಕನ್ನಡಕ ಹಾಕಿಕೊಂಡು ಹಿಂಬದಿಯ ಸಣ್ಣಕ್ಷರ ಓದುತ್ತಾನೆ. ಓದಿ, "ಇದರಲ್ಲಿ ಹಾಲಿನ ಹುಡಿ ಉಂಟು ಮಾರಾಯ್ತಿ, ತಿನ್ಬೇಡ," ಎಂದು ಆಚೆಗಿಡುತ್ತಾನೆ. ಅವನು ಹಾಗೆ ಓದುವುದನ್ನು ನಾನು ಕುರ್ಚಿಯಲ್ಲಿ ಕುಳಿತು ನೋಡುತ್ತೇನೆ.

ಮಗು ಗುಣವಾಯಿತು. ಎಲ್ಲರೂ ಕುಳಿತಿದ್ದಾಗ ಮಗಳು, "ಪಾಪ, ಅಣ್ಣನಿಗೂ ಇದೇ ಇದ್ದದ್ದು ಅಲ್ವಾ ಅಪ್ಪ? ಆಗ ಇದೆಲ್ಲ ಯಾರಿಗೆ ಗೊತ್ತಿತ್ತು?" ಎಂದಳು. ಎಲ್ಲರೂ ಹೌದೆಂದರು. ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದನ್ನು ಸಹಿಸಲಾಗದೆ ಈ ಹಾಳೆಗಳನ್ನು ಬರೆಯುತ್ತಿದ್ದೇನೆ. ಮುಗಿದ ಮೇಲೆ ಮಗಳ ಕೈಗೆ ಕೊಡುತ್ತೇನೆ. ಅಣ್ಣನನ್ನು ಕರೆಸಿ, ಎಲ್ಲರ ಎದುರು, ಗಟ್ಟಿಯಾಗಿ ಓದಬೇಕು. ನಾನೂ ಅಲ್ಲೇ ಕುಳಿತಿರುತ್ತೇನೆ.

ಆಗಲೂ ಗೊತ್ತಿತ್ತು ಮಗಳೇ. ಡಾಕ್ಟರಮ್ಮ ಹೇಳಿದ್ದನ್ನು ಮೂರನೆಯ ಕ್ಲಾಸು ಓದಿದ ಒಬ್ಬಳು, ಒಂದು ಕರು ಹಗ್ಗ ಬಿಚ್ಚಿಕೊಂಡದ್ದರಿಂದ ತಿಳಿದುಕೊಂಡಿದ್ದಳು. ಅವಳ ಹಾಲು ಒಳ್ಳೆಯದೇ ಇತ್ತು. ನಿನಗೂ ಸಿಗಬೇಕಿತ್ತು. ಐವತ್ತು ವರ್ಷಕ್ಕೂ ಹೆಚ್ಚು ಒಂದೇ ಮನೆಯಲ್ಲಿದ್ದೂ, ನಮ್ಮಲ್ಲಿನ ರೂಢಿಯಂತೆ, ನಾನು ಅವಳನ್ನು "ಕೇಳಿತಾ" ಎಂದೇ ಕರೆದೆ. ಇಲ್ಲಿಯೂ ಇಷ್ಟು ಹೊತ್ತು ಹೆಂಡತಿ ಎಂದೇ ಬರೆದೆ. ತಪ್ಪಾಯಿತು ಎಂದು ನಾನು ಒಮ್ಮೆಯೂ ಹೇಳದೆ ಉಳಿದದ್ದು ಅವಳಿಗೆ.

ಪೂವಮ್ಮನಿಗೆ.